ಮೊಟ್ಟೆ ಕದ್ದವರು ಯಾರು?

ಡೈನೊಸಾರಿನ ಮೊಟ್ಟೆಯನ್ನು ಕದಿಯಬೇಕೆಂದು ನಿಮಗೆ ಎಂದಾದರೂ ಅನಿಸಿದೆಯೆ? 6 ಕೋಟಿ 60 ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋದ ಪ್ರಾಣಿಯ ಮೊಟ್ಟೆ ಸಿಗುವುದಾದರೂ ಎಲ್ಲಿ ಎನ್ನುವಿರಿ. ಆದರೆ ‘ಆರ್ಕ್’ ಎಂಬ ವಿಡಿಯೊ ಆಟವನ್ನು ಬಲ್ಲ ಹುಡುಗನೊಬ್ಬ ನಿಮ್ಮ ಮನೆಯಲ್ಲಿದ್ದರೆ ಕೇಳಿನೋಡಿ. ತಾನು ಕದ್ದ ಮೊಟ್ಟೆಗಳ ಲೆಕ್ಕವನ್ನು ಅವನು ಕೊಂಚವೂ ಸಂಕೋಚವಿಲ್ಲದೆ ಒಪ್ಪಿಸಿಯಾನು.

2015ರಲ್ಲಿ ಹೊರಬಂದು 2017ರಲ್ಲಿ ಪೂರ್ಣರೂಪ ತಾಳಿದ ಈ ಆಟದ ಕ್ರಮ ಹೀಗೆ: ದ್ವೀಪವೊಂದರ ಮರಳದಂಡೆಯ ಮೇಲೆ ಬರಿಗೈಯಲ್ಲಿ ನೀವು ಕಣ್ಣು ಬಿಡುತ್ತೀರಿ. ಸುತ್ತಲೂ ಡೈನೊಸಾರುಗಳು. ಹಸಿವು, ಚಳಿ, ಮೃಗಭಯ ಇವನ್ನೆಲ್ಲ ಗೆದ್ದು ಬದುಕಬೇಕು. ಅದಕ್ಕೆ ಮೃಗಗಳನ್ನೇ ಪಳಗಿಸಿ ಜೊತೆಮಾಡಿಕೊಳ್ಳಬೇಕು. ಮೊಟ್ಟೆಯ ಬೆಲೆ ತಿಳಿಯುವುದು ಇಲ್ಲಿಯೇ.

ಪಳಗಿದ ಹೆಣ್ಣು ಗಂಡಿನ ಜೊತೆಯಿಲ್ಲದೆ ಇಟ್ಟ ಮೊಟ್ಟೆ ಮರಿಯಾಗದು. ಅದು ಅಡಿಗೆಗೆ ಬರುತ್ತದೆ. ಡೋಡೊ ಹಕ್ಕಿಯ ಪುಟ್ಟ ಮೊಟ್ಟೆಯನ್ನು ಕಾಡುಹಣ್ಣು, ಬೇಯಿಸಿದ ಮಾಂಸ, ನಾರು, ನೀರು ಇವುಗಳೊಡನೆ ಕುದಿಸಿದರೆ ‘ಕಿಬಲ್’ ಎಂಬ ತಿನಿಸು ಸಿದ್ಧ. ಅದನ್ನು ಮೆಚ್ಚುವ ಮೃಗ ಬಹು ಬೇಗ ಪಳಗುತ್ತದೆ. ಹೀಗೆ ಒಂದರ ಮೊಟ್ಟೆ ಇನ್ನೊಂದಕ್ಕೆ ಮೂಗುದಾರವಾಗುತ್ತದೆ.

ಮರಿಯಾಗುವ ಮೊಟ್ಟೆಯ ಮಾತೇ ಬೇರೆ. ಅದನ್ನು ನೆಲದ ಮೇಲಿಟ್ಟು ಕಾವು ಕೊಡಬೇಕು. ಚಳಿ ಹೆಚ್ಚಾದರೂ ಕೆಟ್ಟಿತು, ಸೆಕೆ ಹೆಚ್ಚಾದರೂ ಕೆಟ್ಟಿತು. ಆದ್ದರಿಂದ ಆಟಗಾರರು ಸುತ್ತಲೂ ಪಂಜುಗಳನ್ನು ನಿಲ್ಲಿಸಿ ಕಾಯುವುದುಂಟು. ಕಾಡಿನ ಗೂಡಿಗೆ ಕೈಹಾಕಿದರೋ, ಬಳಿಯಲ್ಲಿರುವ ಅದೇ ಜಾತಿಯ ಮೃಗಗಳು ಅಟ್ಟಿಸಿಕೊಂಡು ಬರುತ್ತವೆ.

ಈ ಆಟದಲ್ಲಿ ಓವಿರಾಪ್ಟರ್ ಎಂಬ ಪ್ರಾಣಿಯೂ ಉಂಟು. ಹೆಸರಿನ ಅರ್ಥವೇ ಮೊಟ್ಟೆಗಳ್ಳ. ಕದಿಯುವುದೇ ಅಲ್ಲಿ ಅದರ ಕಸುಬು. ಈ ಅಪವಾದ ಅದಕ್ಕೆ ಹೇಗೆ ಅಂಟಿತೆಂಬುದನ್ನು ಕೇಳಿ.

1923ರಲ್ಲಿ ನ್ಯೂಯಾರ್ಕಿನ ನಿಸರ್ಗೇತಿಹಾಸ ವಸ್ತುಸಂಗ್ರಹಾಲಯದ ತಂಡವೊಂದು ರಾಯ್ ಚಾಪ್‌ಮನ್ ಆಂಡ್ರೂಸರ ಮುಂದಾಳುತನದಲ್ಲಿ ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ಅಗೆಯುತ್ತಿತ್ತು. ಅಲ್ಲಿ ಕಲ್ಲಾದ ಮೊಟ್ಟೆಗಳ ಗುಂಪೊಂದು ದೊರೆಯಿತು. ಅದರ ಮೇಲೆಯೇ ಒಂದು ಅಸ್ಥಿಪಂಜರ. ಆ ಸೀಮೆಯಲ್ಲಿ ಪ್ರೊಟೊಸೆರಟಾಪ್ಸ್ ಪ್ರಾಣಿಯ ಎಲುಬುಗಳು ಹೇರಳವಾಗಿದ್ದುದರಿಂದ ಮೊಟ್ಟೆಗಳೂ ಅದರವೇ ಎಂದು ಬಗೆದರು. ಹಾಗಾದರೆ ಮೇಲಿದ್ದದ್ದು ಕಳ್ಳನೇ ಸರಿ! 1924ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ಆ ಹೆಸರನ್ನಿಟ್ಟರು. ಹೆಸರು ಈ ಪ್ರಾಣಿಯ ನಡತೆಯ ವಿಷಯದಲ್ಲಿ ನಮ್ಮನ್ನು ದಾರಿತಪ್ಪಿಸಬಹುದೆಂದು ಅವರೇ ಎಚ್ಚರಿಸಿಯೂ ಇದ್ದರು. ಎಚ್ಚರಿಕೆಯನ್ನು ಮರೆತರು, ಹೆಸರು ಉಳಿಯಿತು.

1993ರಲ್ಲಿ, ಅದೇ ಗೋಬಿಯಲ್ಲಿ, ಅದೇ ಬಗೆಯ ಮೊಟ್ಟೆಯೊಂದರೊಳಗೆ ಮರಿಯ ಎಲುಬುಗಳು ಸಿಕ್ಕವು. ಅದು ಪ್ರೊಟೊಸೆರಟಾಪ್ಸ್ ಮರಿಯಲ್ಲ. ಓವಿರಾಪ್ಟರ್ ಕುಟುಂಬದ್ದೇ ಮರಿ! ಆ ಕುಟುಂಬದ ಇನ್ನೊಂದು ಪ್ರಾಣಿ ಗೂಡಿನ ಮೇಲೆ ಕುಳಿತು, ತೋಳುಗಳನ್ನು ಹರಡಿ, ಕೋಳಿ ಕಾವಿಗೆ ಕೂರುವಂತೆ ಮೊಟ್ಟೆಗಳನ್ನು ತಬ್ಬಿಕೊಂಡೇ ಕಲ್ಲಾಗಿದ್ದುದೂ ಕಂಡಿತು. ನಾವು 70 ವರ್ಷ ಕಳ್ಳನೆಂದು ಕರೆದದ್ದು ತನ್ನ ಸಂತಾನವನ್ನು ಕಾಯುತ್ತಲೇ ಸತ್ತ ಜೀವಿಯನ್ನಿರಬೇಕು.

ಮೊದಲಿಟ್ಟ ಹೆಸರನ್ನು ಅರ್ಥ ತಪ್ಪಾಯಿತೆಂಬ ಕಾರಣಕ್ಕೆ ಬದಲಿಸಲು ಪ್ರಾಣಿಶಾಸ್ತ್ರದ ನಿಯಮ ಒಪ್ಪದು. ಹೀಗಾಗಿ ಕಳಂಕ ಹೆಸರಿನಲ್ಲಿ ಹಾಗೆಯೇ ನಿಂತಿದೆ. ಆಟದಲ್ಲಂತೂ ಕಳ್ಳತನವೂ ನಿಂತಿದೆ.

ಮುಂದೆ ನಿಮ್ಮ ಮನೆಯ ಹುಡುಗ ಪಂಜುಗಳ ನಡುವೆ ಮೊಟ್ಟೆಯಿಟ್ಟು, ನಿದ್ದೆಗೆಟ್ಟು ಕಾಯುತ್ತಿರುವಾಗ ಈ ಕಥೆಯನ್ನು ಅವನಿಗೆ ಹೇಳಿ. ಆಗ ಅವನು ಮಾಡುತ್ತಿರುವುದು ಆ ಪ್ರಾಣಿ ಮಾಡಿದ ಕೆಲಸವನ್ನೇ. ಆ ಹೊತ್ತಿನಲ್ಲಿ ಅವನನ್ನು ಕಂಡವರು ಕಳ್ಳನೆಂದು ಕೂಗಿದರೆ ಹೇಗಿದ್ದೀತೆಂದು ಅವನೇ ಯೋಚಿಸಲಿ.