ತಿದ್ದುವ ಕೈಗೂ ಸಂಭಾವನೆ ಸಲ್ಲಲಿ

(ತೊಗರ್ಸಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಭಾಷಣ)



ಈ ಕುರ್ಚಿಯಲ್ಲಿ ಸಾಮಾನ್ಯವಾಗಿ ಕವಿಗಳು, ಕಾದಂಬರಿಕಾರರು ಕೂರುತ್ತಾರೆ. ನಾನು ಬರೆದದ್ದಕ್ಕಿಂತ ಬೇರೆಯವರು ಬರೆದದ್ದನ್ನು ತಿದ್ದಿದ್ದೇ ಹೆಚ್ಚು. ಕರಡು ನೋಡಿದ್ದೇನೆ, ಹಸ್ತಪ್ರತಿ ಸಂಪಾದಿಸಿದ್ದೇನೆ, ಕಂಪನಿಗಳಿಗೆ ಜಾಹೀರಾತಿನ ಸಾಲು, ಬಳಕೆಯ ಸೂಚನೆ ಬರೆದುಕೊಟ್ಟಿದ್ದೇನೆ. ಅಂಥವರನ್ನು ಕರೆದು ಅಧ್ಯಕ್ಷರನ್ನಾಗಿ ಕೂರಿಸಿದ್ದೀರಿ. ಆ ಕೆಲಸಕ್ಕೆ ನೀವು ಕೊಟ್ಟ ಮರ್ಯಾದೆ ಇದು ಎಂದು ತಲೆಬಾಗಿ ಸ್ವೀಕರಿಸುತ್ತೇನೆ. ಹಾಗಾಗಿ ಇವತ್ತು ಆ ಕೆಲಸದ ಬಗ್ಗೆ, ಅದರಿಂದ ಬರುವ, ಬರಬೇಕಾದ ದುಡ್ಡಿನ ಬಗ್ಗೆ ಮಾತಾಡುತ್ತೇನೆ. ಸಾಹಿತ್ಯದ ವೇದಿಕೆಯಲ್ಲಿ ಹಣದ ಮಾತು ಎತ್ತಬಾರದು ಎಂಬ ಸಂಕೋಚ ನಮ್ಮಲ್ಲಿದೆ. ಆ ಸಂಕೋಚದಿಂದ ಕನ್ನಡಕ್ಕೆ ಆಗಿರುವ ನಷ್ಟವನ್ನು ಕಣ್ಣಾರೆ ಕಂಡಿದ್ದೇನೆ.

ಒಪ್ಪಿಕೊಂಡು, ಕೇಳಿಸಿಕೊಂಡು, ಇನ್ನೊಬ್ಬರಿಗಾಗಿ ಬರೆಯುವುದು ಕಡಿಮೆ ದರ್ಜೆಯ ಕೆಲಸ ಎಂದುಕೊಂಡವರು ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ ಬರಬೇಕು. ಪ್ರಣವೇಶ್ವರ ಗುಡಿಯ ಮುಂದೆ ಕಂಬ ನಿಂತಿದೆ. ಕದಂಬ ವಂಶದ ಕಥೆ, ಮಯೂರಶರ್ಮ ಕಂಚಿಗೆ ಓದಲು ಹೋಗಿ ಅವಮಾನಗೊಂಡ ಕಥೆ, ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿ, ಎಲ್ಲವೂ ಅದರ ಮೇಲಿದೆ. ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ಆ ಸಂಸ್ಕೃತ ಕಾವ್ಯವನ್ನು ಅರಸನಿಗಾಗಿ ರಚಿಸಿದ. ರಚಿಸಿದ್ದಷ್ಟೇ ಅಲ್ಲ, ಕಲ್ಲಿನ ಮೇಲೆ ತಾನೇ ಬರೆದ. ಹೆಸರನ್ನೂ ಹಾಕಿಕೊಂಡ. ಅರಸನಿಗಾಗಿ ಬರೆದದ್ದರಿಂದ ಆ ಕಾವ್ಯ ಕಳೆಗುಂದಲಿಲ್ಲ. ಕದಂಬರ ಚರಿತ್ರೆ ಬರೆಯುವವರು ಇಂದಿಗೂ ಅದರಿಂದಲೇ ಶುರು ಮಾಡುತ್ತಾರೆ. ಮುಂದಿನ ಕಾಲದ ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠ ರಚಿಸಿದವನು, ಬರೆದವನು, ಕಂಡರಿಸಿದವನು, ಇವರ ಹೆಸರುಗಳು ಬೇರೆಬೇರೆಯಾಗಿ ಬರುತ್ತವೆ. ಕೆಲಸ ಹಂಚಿಕೆಯಾಗಿತ್ತು, ಮಾಡಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತಿತ್ತು. ನಮ್ಮ ಕಾಲದ ಅಚ್ಚಿನ ಪುಸ್ತಕದಲ್ಲಿ ಕರಡು ತಿದ್ದಿದವರ ಹೆಸರು ಹುಡುಕಿದರೂ ಸಿಗುವುದು ಅಪರೂಪ.

ಇದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತು ಎನ್ನುತ್ತದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ, ಎಂಟನೆಯದರಲ್ಲಿ (1904) ಸೊರಬದ ಶಾಸನಗಳಿವೆ. ಇಷ್ಟು ಅಕ್ಷರ ಸಂಪತ್ತು ಇರುವ ನೆಲದ ಮಕ್ಕಳಿಗೆ ಅಕ್ಷರದ ಕೆಲಸ ಗೊತ್ತಿಲ್ಲವೆಂದು ನಾನು ಒಪ್ಪುವುದಿಲ್ಲ.

ಹತ್ತಿರದ ಕಾಲಕ್ಕೆ ಬರೋಣ. ಪಕ್ಕದ ಹಾವೇರಿ ಸೀಮೆಯ ಗಳಗನಾಥರು ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಸಂಪಾದಿಸಿದರು. ತಮ್ಮ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ನಾವು ತ್ಯಾಗವೆಂದು ಕೊಂಡಾಡುತ್ತೇವೆ. ಅಷ್ಟು ದೊಡ್ಡ ಬರಹಗಾರ ಪುಸ್ತಕದ ಗಂಟು ಹೊರಬೇಕಾಯಿತಲ್ಲ ಎಂದು ನನಗೆ ಸಂಕಟವೂ ಆಗುತ್ತದೆ. ಹುಬ್ಬಳ್ಳಿಯ ‘ಕಸ್ತೂರಿ’ಯಲ್ಲಿ ಪಾ.ವೆಂ. ಆಚಾರ್ಯರು ದೊಡ್ಡ ದೊಡ್ಡ ಗ್ರಂಥಗಳ ಸಾರ ಹಿಂಡಿ, ಸಾಮಾನ್ಯ ಓದುಗರಿಗೆ ತಿಳಿಯುವ ಕನ್ನಡದಲ್ಲಿ ಇಳಿಸಿದರು. ಧಾರವಾಡದ ಮನೋಹರ ಗ್ರಂಥಮಾಲೆಗೆ ಜಿ.ಬಿ. ಜೋಶಿಯವರ ಜೊತೆ ಕೀರ್ತಿನಾಥ ಕುರ್ತಕೋಟಿಯವರಿದ್ದರು. ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನ ಕಟ್ಟಿ, ಒಳ್ಳೆಯ ಪುಸ್ತಕ ಹಳ್ಳಿಯಿಂದಲೂ ಹೊರಡಬಲ್ಲದು ಎಂದು ತೋರಿಸಿದರು. ಶಿಕಾರಿಪುರದ ಹೆಸರನ್ನು ತಮ್ಮ ಹೆಸರಿನ ಜೊತೆಗೇ ಹೊತ್ತಿದ್ದ ಹರಿಹರೇಶ್ವರರು ಅಮೆರಿಕದಲ್ಲಿದ್ದುಕೊಂಡು ‘ಅಮೆರಿಕನ್ನಡ’ ಪತ್ರಿಕೆ ಸಂಪಾದಿಸಿದರು. ಒಳ್ಳೆಯ ಕನ್ನಡ ಪುಸ್ತಕದ ಹಿಂದೆ ಒಬ್ಬ ಸಂಪಾದಕ ಇದ್ದೇ ಇರುತ್ತಾನೆ.

ಈಗ ಆ ಸಂಪಾದಕ ಎಲ್ಲಿ? ಪ್ರಕಾಶಕರು ಡಿಟಿಪಿ ಮಾಡಿದವರಿಗೆ ದುಡ್ಡು ಕೊಡುತ್ತಾರೆ, ಕಾಗದಕ್ಕೆ ಕೊಡುತ್ತಾರೆ, ಅಚ್ಚು, ಬೈಂಡಿಂಗ್, ಮುಖಪುಟ, ಕೊನೆಗೆ ಬಿಡುಗಡೆಯ ದಿನದ ಊಟಕ್ಕೂ ಕೊಡುತ್ತಾರೆ. ಕರಡಿನ ವಿಷಯ ಬಂದಾಗ ಮಾತ್ರ, ‘ಮೇಷ್ಟ್ರೇ, ಒಂಚೂರು ಕಣ್ಣಾಡಿಸಿಬಿಡಿ’ ಎನ್ನುತ್ತಾರೆ. ಡೆಮಿ ಅಳತೆಯ ಹತ್ತು ಫಾರಂ ಪುಸ್ತಕವೆಂದರೆ 160 ಪುಟ. ಮೊದಲ ಕರಡನ್ನು ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು ಓದಬೇಕು, ಎರಡನೆಯದರಲ್ಲಿ ತಿದ್ದಿದ್ದು ಸರಿಯಾಯಿತೇ ಎಂದು ನೋಡಬೇಕು, ಮೂರನೆಯದರಲ್ಲಿ ಪುಟಸಂಖ್ಯೆ, ಪರಿವಿಡಿ, ಶೀರ್ಷಿಕೆ ತಾಳೆ ಹಾಕಬೇಕು. ಇದು ಕಣ್ಣಾಡಿಸುವ ಕೆಲಸವಲ್ಲ. ನನ್ನಿಂದ ಇಡೀ ಅಭಿನಂದನ ಗ್ರಂಥ ತಿದ್ದಿಸಿಕೊಂಡ ಸಂಸ್ಥೆಯೊಂದು ಒಂದು ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿತ್ತು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ತಿದ್ದುವ ಕೆಲಸಕ್ಕೊಂದು ಬೆಲೆಯಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ತಿದ್ದುವುದೆಂದರೆ ಮಹಾಪ್ರಾಣ ಸರಿಮಾಡುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಫ್ಲೆಕ್ಸ್ ಮೇಲಿನ ‘ಹಾರ್ಧಿಕ’, ‘ವಿಧ್ಯಾರ್ಥಿ’ ಯಾರ ಕಣ್ಣಿಗೂ ಬೀಳುತ್ತವೆ. ಬಿಟ್ಟುಹೋದ ಪದಕ್ಕೆ ಹಂಸಪಾದ ಹಾಕುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಕಷ್ಟದ್ದು ಬೇರೆ ಇದೆ. ಎರಡನೆಯ ಅಧ್ಯಾಯದಲ್ಲಿ ತೀರಿಕೊಂಡ ಅಜ್ಜ ಆರನೆಯ ಅಧ್ಯಾಯದಲ್ಲಿ ಮೊಮ್ಮಗಳ ಮದುವೆಯಲ್ಲಿ ಎಲೆ ಅಡಿಕೆ ಹಂಚುತ್ತಿರುತ್ತಾನೆ. ಅದನ್ನು ಹಿಡಿಯಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದ ಪುಸ್ತಕವನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುತ್ತವೆ. ಅವನ್ನು ಸಾಲುಸಾಲಾಗಿ ನೋಡಬೇಕು. ಲೇಖಕರ ದನಿ ಕೆಡಿಸದೆ ಅವರ ವಾಕ್ಯ ಬಿಗಿ ಮಾಡಬೇಕು. ನಮ್ಮ ಕಡೆಯ ಮಾತಿನಲ್ಲಿ ಬರೆದ ಕಥೆಯನ್ನು ‘ಶುದ್ಧ’ ಮಾಡಲು ಹೊರಟು ಜೀವ ತೆಗೆದ ಸಂಪಾದಕರೂ ಇದ್ದಾರೆ. ಎಲ್ಲಿ ಕೈ ಇಡಬಾರದು ಎಂದು ತಿಳಿಯುವುದಕ್ಕೆ ವರ್ಷಗಳು ಬೇಕು.

ಇನ್ನು ಬರೆದುಕೊಡುವ ಕೆಲಸ. ನಿಮ್ಮ ಹೊಲದಿಂದಲೇ ಉದಾಹರಣೆ ಕೊಡುತ್ತೇನೆ. 2018ರ ಮೇ ತಿಂಗಳಲ್ಲಿ ಗೋವಿನಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಸಲ ಪತ್ತೆಯಾದದ್ದು ನಮ್ಮ ಶಿವಮೊಗ್ಗದಲ್ಲಿ. ಹುಳ ಬಂದರೆ ಅಂಗಡಿಯಿಂದ ಔಷಧಿ ತರುತ್ತೇವೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಬಾಟಲಿಯ ಚೀಟಿ, ಒಳಗಿನ ಕರಪತ್ರ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು. ಇರುತ್ತದೆ. ಹೇಗಿರುತ್ತದೆ? ‘ಗಾಳಿಯ ದಿಕ್ಕಿನ ವಿರುದ್ಧವಾಗಿ ಸಿಂಪಡಣೆಯು ಕೈಗೊಳ್ಳಲ್ಪಡತಕ್ಕದ್ದಲ್ಲ’ ಎಂಬ ಧಾಟಿಯಲ್ಲಿ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲಕ್ಕೆ ಇಳಿಯುವ ಹುಡುಗನಿಗೆ ಇದರಿಂದ ಏನು ತಿಳಿಯಬೇಕು? ‘ಗಾಳಿಗೆ ಎದುರಾಗಿ ಔಷಧಿ ಹೊಡೆಯಬೇಡಿ. ಹೊಡೆಯುವಾಗ ಬೀಡಿ ಸೇದಬೇಡಿ, ಎಲೆ ಅಡಿಕೆ ಹಾಕಬೇಡಿ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಕೈಕಾಲು ತೊಳೆಯಿರಿ’ ಎಂದು ಬರೆಯಬಲ್ಲವರು ಮುಂಬೈಯಲ್ಲಿಲ್ಲ, ತೊಗರ್ಸಿಯಲ್ಲಿದ್ದಾರೆ. ಆ ಚೀಟಿಯಲ್ಲಿ ಒಂದು ಸೊನ್ನೆ ತಪ್ಪಿದರೆ, ಮಿಲಿಲೀಟರ್ ಹೋಗಿ ಲೀಟರ್ ಆದರೆ, ಬೆಳೆ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ. ವಿಮೆ ಕಾಗದ, ಬ್ಯಾಂಕಿನ ಸಂದೇಶ, ಹನಿ ನೀರಾವರಿ ಪೈಪಿನ ಕೈಪಿಡಿ, ಫೋನಿನ ಆ್ಯಪ್, ಆಸ್ಪತ್ರೆಯ ಸೂಚನೆ, ಇವೆಲ್ಲಕ್ಕೂ ಕನ್ನಡ ಬೇಕು. ಐನೂರು, ಸಾವಿರ ಪ್ರತಿ ಹಾಕುವ ಪುಸ್ತಕ ಪ್ರಕಾಶಕರಿಗಿಂತ ಇಲ್ಲೇ ಹಣ ಹೆಚ್ಚು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈ ಕೆಲಸ ಯಾರಿಗೆ ಒದಗುತ್ತದೆ? ಪಾಠ ಇರುವ ತಿಂಗಳಿಗೆ ಮಾತ್ರ ಸಂಬಳ ಕಾಣುವ ಅತಿಥಿ ಉಪನ್ಯಾಸಕರಿಗೆ, ಎಂ.ಎ. ಓದಿ ಮದುವೆಯಾಗಿ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ, ನಿವೃತ್ತ ಮೇಷ್ಟ್ರುಗಳಿಗೆ, ಅಡಿಕೆ ಕೊಯ್ಲು ಮುಗಿದ ಮೇಲೆ ಕೈ ಖಾಲಿ ಇರುವ ಪದವೀಧರರಿಗೆ. ಸರ್ಕಾರಿ ನೌಕರಿಯಲ್ಲಿರುವವರು ನಡತೆ ನಿಯಮ ನೋಡಿಕೊಂಡು, ಅನುಮತಿ ಪಡೆದು ಮಾಡಬೇಕು. ಇದನ್ನು ನಂಬಿ ಇರುವ ಕೆಲಸ ಬಿಡಿ ಎಂದು ಯಾರಿಗೂ ಹೇಳಲಾರೆ. ಒಂದು ತಿಂಗಳು ಕೆಲಸ ಬರುತ್ತದೆ, ಎರಡು ತಿಂಗಳು ಬರುವುದಿಲ್ಲ. ಮನೆಯ ಆದಾಯಕ್ಕೆ ಇದು ಜೊತೆಯ ಆದಾಯ, ಮಕ್ಕಳ ಫೀಸಿಗೆ, ಔಷಧಿಯ ಖರ್ಚಿಗೆ ಒದಗುವಂಥದ್ದು.

ಹೇಗೆ ಶುರು ಮಾಡುವುದು ಎಂದು ಕೇಳುವ ಮಕ್ಕಳಿಗೆ ಹೇಳುತ್ತೇನೆ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’, ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’, ಕೈಗೆಟಕುವ ಹಾಗೆ ಒಂದು ನಿಘಂಟು ಇರಲಿ. ಯೂನಿಕೋಡಿನಲ್ಲಿ ಬೆರಳಚ್ಚು ಬರಲಿ. ನೀವು ತಿದ್ದುವ ಮೊದಲಿನ ಪುಟ, ತಿದ್ದಿದ ಮೇಲಿನ ಪುಟ, ಎರಡನ್ನೂ ಒಪ್ಪಿಗೆ ಪಡೆದು ಜೋಡಿಸಿ ಇಟ್ಟುಕೊಳ್ಳಿ. ಪ್ರಮಾಣಪತ್ರಗಳಿಗಿಂತ ಅದನ್ನೇ ಜನ ನಂಬುತ್ತಾರೆ. ಕೆಲಸ ಒಪ್ಪುವ ಮುಂಚೆ ಪುಟಕ್ಕೆ ಎಷ್ಟು, ಎಷ್ಟು ಸುತ್ತು ಕರಡು, ದುಡ್ಡು ಯಾವಾಗ ಎಂದು ಬರಹದಲ್ಲಿ ಆಗಲಿ, ವಾಟ್ಸ್ಆ್ಯಪ್ ಸಂದೇಶವಾದರೂ ಸರಿ. ಕೆಲಸ ಕೊಡುತ್ತೇವೆಂದು ಹೇಳಿ ನಿಮ್ಮಿಂದಲೇ ನೋಂದಣಿ ಶುಲ್ಕ, ಠೇವಣಿ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ಅದು ಮೋಸ.

ಕಾನೂನು ಕೂಡ ನಾವು ಅಂದುಕೊಂಡದ್ದಕ್ಕಿಂತ ನಮ್ಮ ಕಡೆಗಿದೆ. ಮನೆಯಲ್ಲಿ ಕೂತು ತಿದ್ದುವವರೂ ಉದ್ಯಮ್ ನೋಂದಣಿ ಮಾಡಿಸಬಹುದು, ಅದಕ್ಕೆ ಶುಲ್ಕವಿಲ್ಲ. ನೋಂದಾಯಿಸಿದವರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ನೀವು ಸ್ವತಂತ್ರವಾಗಿ ಬರೆದುಕೊಟ್ಟ ಬರಹದ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಹಿ ಮಾಡಿದ ಪತ್ರದ ಮೂಲಕವೇ ಬೇರೆಯವರಿಗೆ ವರ್ಗಾಯಿಸಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಚಿಂತೆ ಬೇಡ. ಪ್ಯಾನ್ ಮಾತ್ರ ಕಡ್ಡಾಯವಾಗಿ ಕೊಡಿ.

ದುಡ್ಡಿನ ಜೊತೆ ಹೊಣೆಯೂ ಬರುತ್ತದೆ. ಮೂರೇ ದಿನಕ್ಕೆ ಸಕ್ಕರೆ ಕಾಯಿಲೆ ಮಾಯ ಎಂದು ಬರೆದುಕೊಡಿ ಎಂದು ಯಾರಾದರೂ ಬಂದೇ ಬರುತ್ತಾರೆ. ಔಷಧಿ ಜಾಹೀರಾತುಗಳ ಕುರಿತ 1954ರ ಕಾಯ್ದೆ ಅಂಥ ಜಾಹೀರಾತನ್ನು ನಿಷೇಧಿಸಿದೆ. ಕಾಯ್ದೆ ಇರದಿದ್ದರೂ ಆ ಸಾಲು ಬರೆಯಬಾರದು. ಅದನ್ನು ನಂಬಿ ಮಾತ್ರೆ ಬಿಡುವವರು ನಮ್ಮ ಅಜ್ಜ ಅಜ್ಜಿಯರೇ.

ಯಂತ್ರ ಬಂತಲ್ಲ, ಇನ್ನು ಈ ಕೆಲಸ ಎಲ್ಲಿರುತ್ತದೆ ಎಂದು ಕೇಳುವಿರಿ. ಕೇಂದ್ರ ಸರ್ಕಾರದ ಭಾಷಿಣಿ ಅನುವಾದ ವ್ಯವಸ್ಥೆ 2022ರಲ್ಲೇ ಶುರುವಾಗಿದೆ, ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಕನ್ನಡ ಬರೆದುಕೊಡುತ್ತದೆ. ಬರೀ ಪದಕ್ಕೆ ಪದ ಇಟ್ಟು ಅನುವಾದ ಮಾಡುತ್ತಿದ್ದವರ ಕೆಲಸಕ್ಕೆ ಹೊಡೆತ ಬಿದ್ದಿದೆ, ಇನ್ನೂ ಬೀಳುತ್ತದೆ. ಆದರೆ ಯಂತ್ರ ಕೊಟ್ಟ ಕನ್ನಡವನ್ನು ನಂಬಿ ಅಚ್ಚಿಗೆ ಕಳಿಸುವ ಧೈರ್ಯ ಜವಾಬ್ದಾರಿಯಿರುವ ಯಾವ ಕಂಪನಿಗೂ ಇಲ್ಲ. ಓದಿ, ತಪ್ಪು ಹಿಡಿದು, ಸಹಿ ಹಾಕುವ ಮನುಷ್ಯರನ್ನು ಅವರು ಹುಡುಕುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಭಾಷೆಯ ಮೇಲಿನ ಹಿಡಿತ, ವಿಷಯದ ತಿಳಿವು. ಗೋವಿನಜೋಳ ಬೆಳೆದವರು ಗೋವಿನಜೋಳದ ಕರಪತ್ರ ತಿದ್ದಿದರೆ ಯಂತ್ರ ಅವರ ಹತ್ತಿರ ಸುಳಿಯಲಾರದು.

ಕೊನೆಯದಾಗಿ ನನ್ನ ಕೋರಿಕೆ. ಗ್ರಾಮ ಪಂಚಾಯಿತಿಗಳು, ಸಹಕಾರ ಸಂಘಗಳು, ಮಠಗಳು, ಕಾಲೇಜುಗಳು, ಸಾಹಿತ್ಯ ಸಂಘಟನೆಗಳು ವರದಿ, ಗ್ರಂಥ, ಕರಪತ್ರ ಏನೇ ಅಚ್ಚು ಹಾಕಿಸಲಿ, ಖರ್ಚಿನ ಪಟ್ಟಿಯಲ್ಲಿ ‘ಸಂಪಾದನೆ, ಕರಡು ತಿದ್ದುಪಡಿ’ ಎಂದು ಒಂದು ಸಾಲು ಬರೆಯಲಿ, ಅದರ ಮುಂದೆ ಮೊತ್ತ ಹಾಕಲಿ. ಪುಸ್ತಕದ ಮೊದಲ ಪುಟಗಳಲ್ಲಿ ತಿದ್ದಿದವರ ಹೆಸರು ಮುದ್ರಿಸಲಿ. ಈ ಸಮ್ಮೇಳನದ ಸ್ಮರಣ ಸಂಚಿಕೆ ಇನ್ನೂ ಅಚ್ಚಿಗೆ ಹೋಗಬೇಕು ಎಂದು ಕೇಳಿದೆ. ಅದರ ಕರಡನ್ನು ನಮ್ಮ ಊರುಗಳ ಇಬ್ಬರು ಹೆಣ್ಣುಮಕ್ಕಳ ಕೈಗೆ ಕೊಡಿ, ಪುಟಕ್ಕೆ ಇಷ್ಟೆಂದು ಮೊದಲೇ ಹೇಳಿ ಕೊಡಿ, ಅಚ್ಚಾಗುವ ಮುಂಚೆ ಹಣ ಅವರ ಖಾತೆಗೆ ಹಾಕಿ. ನನಗೆ ಕೊಡಬೇಕೆಂದಿರುವ ಸಂಭಾವನೆಯನ್ನೂ ಅದಕ್ಕೇ ಸೇರಿಸಬೇಕೆಂದು ಸ್ವಾಗತ ಸಮಿತಿಯವರನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.