ಫ್ಯೂಸಿನ ಮೇಲಿನ ಅಕ್ಷರ ಓದಿ



ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳ ಆಂಪ್ಲಿಫೈಯರ್‌ಗಳಿಗೆ ಬಿಡುವಿರುವುದಿಲ್ಲ. ಕಾರ್ಯಕ್ರಮದ ಹೊತ್ತಿಗೆ ಫ್ಯೂಸ್ ಹೋದರೆ ಬೆಳ್ಳಿ ಕಾಗದವನ್ನೋ ತಾಮ್ರದ ತಂತಿಯನ್ನೋ ಸುತ್ತಿ ಕೆಲಸ ಸಾಗಿಸುವವರು ಈಗಲೂ ಇದ್ದಾರೆ. ಹಾಡು ಕೇಳಿಸುತ್ತದೆ, ನಿಜ. ಆದರೆ ಒಳಗೆ ಶಾರ್ಟ್ ಆದಾಗ ಕರಗಬೇಕಾದದ್ದು ಕರಗುವುದಿಲ್ಲ. ವೈರು, ಟ್ರಾನ್ಸ್‌ಫಾರ್ಮರ್ ಹೊತ್ತಿಕೊಳ್ಳುತ್ತವೆ. ಹಾಗಾದರೆ ಸರಿಯಾದ ಫ್ಯೂಸ್ ಯಾವುದು?

ಇಂಥ ಉಪಕರಣಗಳಲ್ಲಿ ಹೆಚ್ಚಾಗಿ ಕಾಣುವುದು 20 ಮಿ.ಮೀ. ಉದ್ದ, 5 ಮಿ.ಮೀ. ದಪ್ಪದ ಗಾಜಿನ ಫ್ಯೂಸ್. ಅದರ ಲೋಹದ ಟೋಪಿಯ ಮೇಲೆ ‘ಟಿ 2 ಎ ಎಲ್ 250 ವಿ’ ಎಂಬಂಥ ಬರಹ ಇರುತ್ತದೆ. ಒಂದೊಂದನ್ನೇ ನೋಡೋಣ.

ಮೊದಲ ಅಕ್ಷರ ವೇಗದ್ದು. ‘ಎಫ್’ ಎಂದರೆ ಬೇಗ ಕರಗುವಂಥದು, ‘ಟಿ’ ಎಂದರೆ ತುಸು ತಾಳುವಂಥದು. ಹತ್ತು ಪಟ್ಟು ಕರೆಂಟ್ ಹರಿದರೆ ‘ಎಫ್’ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ ಹೋಗುತ್ತದೆ. ‘ಟಿ’ ಅದಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ. ಸ್ವಿಚ್ ಹಾಕಿದ ಕ್ಷಣ ಟ್ರಾನ್ಸ್‌ಫಾರ್ಮರ್ ಮತ್ತು ಖಾಲಿ ಕೆಪಾಸಿಟರ್‌ಗಳು ಒಮ್ಮೆಗೇ ಬಹಳ ಕರೆಂಟ್ ಎಳೆಯುತ್ತವೆ. ಅಲ್ಲಿ ‘ಟಿ’ ಬೇಕು. ಬದಲಿಗೆ ‘ಎಫ್’ ಹಾಕಿದರೆ ಕಾರಣವಿಲ್ಲದೆ ಹೋಗುತ್ತಲೇ ಇರುತ್ತದೆ. ಮಲ್ಟಿಮೀಟರಿನಂಥ ಸೂಕ್ಷ್ಮ ಉಪಕರಣಕ್ಕೆ ‘ಟಿ’ ಹಾಕಿದರೆ ಫ್ಯೂಸಿಗಿಂತ ಮೊದಲು ಉಪಕರಣವೇ ಹೋದೀತು.

ಎರಡನೆಯದು ಆಂಪಿಯರ್. ಈ ಫ್ಯೂಸು ತನ್ನ ಅಂಕಿಯ ಒಂದೂವರೆ ಪಟ್ಟು ಕರೆಂಟನ್ನು ಒಂದು ಗಂಟೆಯಾದರೂ ತಾಳಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಅಂದರೆ 2 ಆಂಪಿಯರಿನ ಜಾಗದಲ್ಲಿ 5 ಆಂಪಿಯರಿನದು ಹಾಕಿದರೆ ಏಳೂವರೆ ಆಂಪಿಯರ್ ಹರಿದರೂ ಅದು ಗಂಟೆಗಟ್ಟಲೆ ಸುಮ್ಮನಿರಬಹುದು. 230 ವೋಲ್ಟಿನಲ್ಲಿ ಅದು ಸುಮಾರು 1,700 ವಾಟ್. ಇಸ್ತ್ರಿ ಪೆಟ್ಟಿಗೆಯ ಕಾವಿಗಿಂತ ಹೆಚ್ಚು!

ಮೂರನೆಯದು, ‘ಎಲ್’ ಅಥವಾ ‘ಎಚ್’. ‘ಎಲ್’ ಸಾಧಾರಣ ಗಾಜಿನದು. ‘ಎಚ್’ ಸಾಮಾನ್ಯವಾಗಿ ಮರಳು ತುಂಬಿದ ಪಿಂಗಾಣಿಯದು. 1,500 ಆಂಪಿಯರಿನ ಶಾರ್ಟನ್ನೂ ಸಿಡಿಯದೆ ಕಡಿದು ಹಾಕುತ್ತದೆ. ಪಿಂಗಾಣಿ ಇದ್ದಲ್ಲಿ ಗಾಜು ಹಾಕಬೇಡಿ.

ಕೊನೆಯದು ವೋಲ್ಟ್. ಕಾರಿನ ಸಣ್ಣ ಫ್ಯೂಸುಗಳು ಸಾಮಾನ್ಯವಾಗಿ 32 ವೋಲ್ಟಿನವು. ಮನೆಯ ಕರೆಂಟಿಗೆ ಹಾಕಿದರೆ ತಂತಿ ಕರಗಿದ ಮೇಲೂ ಕಿಡಿ ಹರಿಯುತ್ತಲೇ ಇರಬಹುದು.

ಹೋದ ಫ್ಯೂಸನ್ನು ಎಸೆಯುವ ಮುನ್ನ ಗಮನಿಸಿ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಭಾರ ತುಸು ಹೆಚ್ಚಾಗಿರಬಹುದು. ಗಾಜು ಕಪ್ಪಾಗಿದ್ದರೆ ಶಾರ್ಟ್ ಇದೆಯೆಂದೇ ತಿಳಿಯಿರಿ. ಹೊಸದನ್ನು ಹಾಕದೆ ರಿಪೇರಿಗೆ ಒಯ್ಯಿರಿ. ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಒಂದು ಮಾತು ನೆನಪಿರಲಿ. ಫ್ಯೂಸ್ ಬೆಂಕಿಯನ್ನು ತಡೆಯುತ್ತದೆ, ಶಾಕನ್ನಲ್ಲ. ಶಾಕಿನಿಂದ ಕಾಯಲು ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು.

ಮುಂಬಯಿಯ ಲ್ಯಾಮಿಂಗ್ಟನ್ ರೋಡಿರಲಿ, ಚೆನ್ನೈನ ರಿಚ್ಚಿ ಸ್ಟ್ರೀಟಿರಲಿ, ಹಳೆಯ ಫ್ಯೂಸನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಅದೇ ಅಕ್ಷರ, ಅದೇ ಅಂಕಿ ಕೇಳಿ. ಎರಡು ಹೆಚ್ಚಿಗೆ ತಂದು ಆಂಪ್ಲಿಫೈಯರಿನ ಪೆಟ್ಟಿಗೆಯಲ್ಲೇ ಇಟ್ಟುಬಿಡಿ.