ಕಲ್ಲುಹೊಲದಲ್ಲಿ ಮ್ಯಾಸಿ, ಐಷರ್, ಜೆಟರ್

ಸೇಲಂ ಬಿಟ್ಟು ಧರ್ಮಪುರಿಗೆ ಬರುವವರು ತೊಪ್ಪೂರು ಘಾಟಿ ಹತ್ತಬೇಕು. ಸುತ್ತ ಕೆಮ್ಮಣ್ಣು, ಅದರೊಳಗೆ ಕಲ್ಲು. ಮೇಲೆ ರಾಗಿ, ಹುರುಳಿಯ ಮಳೆಯಾಶ್ರಿತ ಹೊಲ. ಕೆಳಗೆ ಸೇಲಂ ಕಡೆ ಸಾಬಕ್ಕಿ ಗಿರಣಿಗೆ ಹೋಗುವ ಮರಗೆಣಸಿನ ಲೋಡು. ಹಳೆಯ ಟ್ರ್ಯಾಕ್ಟರಿನ ತಾಕತ್ತು ಅಳೆಯಲು ಇನ್ನೇನು ಬೇಕು?

ಮೊದಲು ಐಷರ್. ಜರ್ಮನ್ ವಿನ್ಯಾಸದ ಈ ಗಾಡಿ 1959ರ ಏಪ್ರಿಲ್‌ನಲ್ಲಿ ಫರೀದಾಬಾದಿನಿಂದ ಹೊರಬಿತ್ತು. ಭಾರತದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ ಎಂಬ ಹೆಸರು ಅದಕ್ಕೆ. ಒಂದೇ ಸಿಲಿಂಡರು, ಗಾಳಿಯಿಂದಲೇ ತಣಿಯುವ ಇಂಜಿನ್. ರೇಡಿಯೇಟರೇ ಇಲ್ಲದ ಮೇಲೆ ನೀರು ಕುದಿಯುವ, ಸೋರುವ ರಗಳೆಯೂ ಇಲ್ಲ. ಬಾವಿ ಬತ್ತುವ ಬೇಸಿಗೆಯಲ್ಲಿ ಇದು ಸಣ್ಣ ವರವಲ್ಲ. ಕೂತವನ ಮೈ ನಡುಗುವುದಂತೂ ನಿಜ.

ಮ್ಯಾಸಿ ಫರ್ಗ್ಯುಸನ್ 1035 ಮದ್ರಾಸಿನ ಟಾಫೆ ಕಂಪನಿಯ ಕೂಸು. ಟಾಫೆ ಶುರುವಾದದ್ದು 1960ರಲ್ಲಿ. ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್ ಕೂಡ ಅದೇ ಊರಿನದು. ಆದರೆ ಅದರ ನಿಜವಾದ ಜಾಣ್ಮೆ ಇರುವುದು ಬೆನ್ನ ಹಿಂದೆ, ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಹೈಡ್ರಾಲಿಕ್‌ನಲ್ಲಿ. ನೇಗಿಲು ಆಳಕ್ಕಿಳಿದು ಎಳೆತ ಹೆಚ್ಚಿದರೆ ಮೇಲಿನ ಕೊಂಡಿ ಮುಂದಕ್ಕೆ ಒತ್ತಿ ಸ್ಪ್ರಿಂಗ್ ಅದುಮುತ್ತದೆ. ವಾಲ್ವ್ ತೆರೆದು ಎಣ್ಣೆ ನೇಗಿಲನ್ನು ತುಸು ಮೇಲೆತ್ತುತ್ತದೆ. ಭಾರ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಬಿಗಿಯಾಗುತ್ತದೆ. ಬಂಡೆಗೇ ತಾಗಿತೋ, ಎಣ್ಣೆಯ ಒತ್ತಡ ತಟ್ಟನೆ ಬಿಟ್ಟು ಚಕ್ರಗಳು ನಿಂತಲ್ಲೇ ಗಿರಕಿ ಹೊಡೆಯುತ್ತವೆ. ಗಾಡಿ ಮೂತಿ ಎತ್ತಿ ಹಿಂದಕ್ಕೆ ಮಗುಚುವ ಅಪಾಯ ತಪ್ಪುತ್ತದೆ.

ಬೆಂಗಳೂರಿನವರಿಗೆ ಎಚ್‌ಎಂಟಿ ಎಂದರೆ ಕೈಗಡಿಯಾರ. ಅದೇ ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಚೆಕ್ ಮೂಲದ ಜೆಟರ್ 2511 ಕಟ್ಟಿತು: ಎರಡು ಸಿಲಿಂಡರು, 25 ಅಶ್ವಶಕ್ತಿ. 2016ರಲ್ಲಿ ಆ ಟ್ರ್ಯಾಕ್ಟರ್ ವಿಭಾಗಕ್ಕೆ ಬೀಗ ಬೀಳುವುದು ನಿರ್ಧಾರವಾಯಿತು. ಕಾರ್ಖಾನೆಯೇ ನಿಂತ ಮೇಲೆ ಬಿಡಿಭಾಗ ಹುಡುಕುವ ಪಾಡು ಮಾಲೀಕರದ್ದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮೂಲದ ಮಹೀಂದ್ರ ಬಿ-275ಕ್ಕೆ ನಾಲ್ಕು ಸಿಲಿಂಡರು. ಲೋಡು ಎಳೆಯಲು ನಯವಾದ ಗಾಡಿ.

ಕಲ್ಲುಹೊಲದ ಉಳುಮೆಗೆ ಮಾತ್ರ ಮ್ಯಾಸಿಯೇ ಮೇಲು. ಐಷರ್ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಆದರೆ 2005ರಲ್ಲಿ ಐಷರ್ ಟ್ರ್ಯಾಕ್ಟರನ್ನೂ ಟಾಫೆಯೇ ಕೊಂಡಿತು, ಈಗ ಜಗಳ ಒಂದೇ ಮನೆಯೊಳಗಿನದು.

ಹಳೆಯ ಗಾಡಿ ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗಬೇಡಿ. ನೇಗಿಲು ಮೇಲೆತ್ತಿಸಿ, ಇಂಜಿನ್ ನಿಲ್ಲಿಸಿ, ಒಂದು ಚಹಾ ಕುಡಿದು ಬನ್ನಿ. ಅಷ್ಟರಲ್ಲೇ ನೇಗಿಲು ನೆಲ ಮುಟ್ಟಿದ್ದರೆ ಹೈಡ್ರಾಲಿಕ್ ಸೋರುತ್ತಿದೆ. ಬೆಲೆ ಇಳಿಸಿ ಕೇಳಿ.